ಅಮ್ಮನಿಗೊಂದು ಪರೀಕ್ಷೆ, ಮಗಳಿಗೊಂದು ಪರೀಕ್ಷೆ

ಫೋಟೋ ಸ್ಟುಡಿಯೋ ಇಟ್ಟವನಿಗೆ ಪರೀಕ್ಷೆಯ ಕಾಲ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅರ್ಜಿಗೆ ಬೇಕಾದ ಫೋಟೋ ತೆಗೆಸಿಕೊಳ್ಳಲು ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಒಬ್ಬಳ ಕೂದಲು ಕಣ್ಣಿಗೆ ಬಿದ್ದಿರುತ್ತದೆ. ಒಬ್ಬನಿಗೆ ನಗು ತಡೆಯಲಾಗುವುದಿಲ್ಲ. ಇನ್ನೊಬ್ಬನ ಕಾಲರು ಒಳಗೆ ಮಡಚಿಕೊಂಡಿರುತ್ತದೆ. ಕ್ಯಾಮೆರಾದ ಹಿಂದೆ ನಿಂತವನು ಎಲ್ಲರಿಗೂ ಹೇಳುವುದು ಒಂದೇ ಮಾತು: “ಗದ್ದ ಸ್ವಲ್ಪ ಮೇಲೆ.” ಹೇಳಿ ಹೇಳಿ ಅವನಿಗೆ ಗದ್ದಣ್ಣ ಅಂತಲೇ ಹೆಸರು ಬಿದ್ದಿತ್ತು. ಸ್ವಂತ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು.

ಗದ್ದಣ್ಣ ಮಾತುಗಾರ. ಫೋಟೋ ತೆಗೆಯುವಾಗ ಸುಮ್ಮನಿದ್ದರೆ ಅವನಿಗೆ ಕೈ ಓಡುತ್ತಿರಲಿಲ್ಲ. “ಯಾವ ಪರೀಕ್ಷೆನಮ್ಮಾ?” ಎಂದು ಕೇಳುತ್ತಿದ್ದ. ಅವನ ನಾಡಿನಲ್ಲಿ ಕಾಲೇಜು ಸೇರಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಅಂಥ ಪರೀಕ್ಷೆಗಳು ಎರಡಿದ್ದವು. ಒಂದು ಬಹಳ ಕಾಲದಿಂದ ಇದ್ದದ್ದು, ಇನ್ನೊಂದು ಆಮೇಲೆ ಬಂದದ್ದು. ಎರಡಕ್ಕೂ ಉದ್ದುದ್ದ ಹೆಸರಿದ್ದರೂ ಜನ ಒಂದನ್ನು ಹಳೇದು ಅಂತಲೂ ಇನ್ನೊಂದನ್ನು ಹೊಸದು ಅಂತಲೂ ಕರೆಯುತ್ತಿದ್ದರು. ಎರಡರಲ್ಲಿ ಯಾವುದಾದರೂ ಒಂದನ್ನು ಬರೆದರೆ ಸಾಕಿತ್ತು. ತಲೆನೋವು ಶುರುವಾಗುತ್ತಿದ್ದದ್ದೇ ಅಲ್ಲಿ. ಯಾವುದನ್ನು ಬರೆಯುವುದು?

ಗದ್ದಣ್ಣನಿಗೆ ಮಾತ್ರ ಈ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಅವನ ಸ್ಟುಡಿಯೋಕ್ಕೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಹಳೇದನ್ನೇ ಹೇಳುತ್ತಿದ್ದರು. ಇಷ್ಟು ಜನ ಬರೆಯುತ್ತಾರೆಂದರೆ ಅದೇ ಒಳ್ಳೆಯದಿರಬೇಕು ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಹೊಸದು ಅಂದವರನ್ನು ಕಂಡರೆ, ಪಾಪ, ಇವರಿಗೆ ಯಾರೂ ಹೇಳುವವರಿಲ್ಲ ಎಂದುಕೊಳ್ಳುತ್ತಿದ್ದ.

ಆ ವರ್ಷ ಅವನ ಮಗಳ ಸರದಿ ಬಂತು.

ಮಗಳಿಗೆ ಭೌತಶಾಸ್ತ್ರವೆಂದರೆ ಪ್ರಾಣ. ಸ್ಟುಡಿಯೋದ ಹಳೆಯ ಲೆನ್ಸುಗಳನ್ನೆಲ್ಲ ಕಿಟಕಿಯ ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಬೆಳಕು ಬೀಳಿಸುತ್ತಾ ಬೆಳೆದವಳು. ಒಂದು ವಿಷಯ ತಲೆಗೆ ಹೊಕ್ಕರೆ ಅದು ಬಗೆಹರಿಯುವ ತನಕ ಊಟಕ್ಕೆ ಕರೆದರೂ ಕಿವಿಗೆ ಬೀಳುತ್ತಿರಲಿಲ್ಲ.

ಒಂದು ಸಂಜೆ ತಟ್ಟೆಯ ಮುಂದೆ ಕೂತು ಅವಳು, “ಅಪ್ಪಾ, ನಾನು ಹೊಸದು ಬರೀತೀನಿ” ಅಂದಳು.

ಗದ್ದಣ್ಣನ ಕೈ ತಟ್ಟೆಯಲ್ಲೇ ನಿಂತಿತು. “ಯಾಕೆ? ಹಳೇದಕ್ಕೆ ಏನಾಗಿದೆ?”

“ಹೊಸದರಲ್ಲಿ ವಿಜ್ಞಾನದ ಭಾಗ ಇದೆ. ಹಳೇದರಲ್ಲಿ ಇಲ್ಲ. ನನ್ನ ಫ್ರೆಂಡ್ ಕೂಡ ಅದನ್ನೇ ಬರೀತಿದಾಳೆ. ಸೈನ್ಸ್ ಓದೋರೆಲ್ಲ ಅದನ್ನೇ ಬರೆಯೋದಂತೆ.”

“ಅಂತೆ! ಯಾರಂತೆ? ದಿನಾ ಎಷ್ಟು ಮಕ್ಕಳ ಮುಖ ನೋಡ್ತೀನಿ ನಾನು. ನನಗೆ ಗೊತ್ತಿಲ್ವಾ?”

“ನೀವು ನೋಡೋದು ಮುಖ ಅಪ್ಪಾ. ಮಾರ್ಕ್ಸ್ ಅಲ್ಲ.”

ಅಪ್ಪ ಮಗಳ ಜಗಳ ಹೀಗೆ ಕಾವೇರುತ್ತಿದ್ದಾಗ ಗದ್ದಣ್ಣನ ಹೆಂಡತಿ ನೀರಿನ ಲೋಟ ಕೆಳಗಿಟ್ಟಳು.

“ನಾನೂ ಬರೀಬೇಕು ಅಂತಿದೀನಿ” ಅಂದಳು.

“ಏನನ್ನ?”

“ಪರೀಕ್ಷೆನ.”

ಗದ್ದಣ್ಣ ಜೋರಾಗಿ ನಕ್ಕ. “ಬರಿ ಬರಿ. ನಾನೂ ಬರೀತೀನಿ. ಸ್ಟುಡಿಯೋಗೆ ಬೀಗ ಹಾಕಿ ಮೂರು ಜನಾನೂ ಒಂದೇ ಬೆಂಚಲ್ಲಿ ಕೂತುಬಿಡೋಣ.”

ಬೇರೆ ಯಾರೂ ನಗಲಿಲ್ಲ. ಹೆಂಡತಿಯ ಮುಖ ನೋಡಿದ ಮೇಲೆ ಗದ್ದಣ್ಣನ ನಗುವೂ ಮೆಲ್ಲಗೆ ಅಡಗಿತು.

ಅವಳು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಮಗಳು ಶಾಲೆಗೆ ಹೋಗಲು ಶುರುಮಾಡಿದ ವರ್ಷ ಸೇರಿದ ಕೆಲಸ. ಚೀಟಿ ನೋಡಿ ಔಷಧಿ ತೆಗೆದು ಕೊಡುವುದು, ಅವಧಿ ಮುಗಿದದ್ದನ್ನು ಬೇರೆ ಇಡುವುದು, ಖಾಲಿಯಾದದ್ದನ್ನು ತರಿಸುವುದು, ಇಷ್ಟೇ ಅವಳ ಕೆಲಸ. ಜನ ಏನಾದರೂ ಕೇಳಿದರೆ ಒಳಗಿದ್ದ ಫಾರ್ಮಸಿಸ್ಟ್ ಕಡೆ ಕೈ ತೋರಿಸಬೇಕಿತ್ತು.

“ಯಾವ ಡಬ್ಬಿಯಿಂದ ತೆಗೀಬೇಕು ಅಂತ ನನಗೆ ಗೊತ್ತು” ಅಂದಳು ಅವಳು. “ಆದ್ರೆ ಇದನ್ನ ಯಾಕೆ ಕೊಡ್ತಾರೆ, ಅದರ ಜೊತೆ ಇದನ್ನ ಯಾಕೆ ತಗೋಬಾರದು, ಒಂದೂ ಗೊತ್ತಿಲ್ಲ. ಇಷ್ಟು ವರ್ಷ ಅದರ ಮಧ್ಯಾನೇ ಇದೀನಿ, ಗೊತ್ತಿಲ್ಲ. ನನಗೆ ಗೊತ್ತಾಗಬೇಕು ರೀ. ಫಾರ್ಮಸಿ ಕಾಲೇಜಲ್ಲಿ ಸಂಜೆ ಕ್ಲಾಸು ಶುರು ಮಾಡಿದಾರೆ. ಅದಕ್ಕೂ ಇದೇ ಪ್ರವೇಶ ಪರೀಕ್ಷೆ.”

ಗದ್ದಣ್ಣನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಹೂಂ ಅನ್ನಲು ಧೈರ್ಯ ಸಾಲಲಿಲ್ಲ. ಶಾಲೆ ಬಿಟ್ಟು ಇಷ್ಟು ವರ್ಷ ಆದಮೇಲೆ, ಮಗಳ ವಯಸ್ಸಿನವರ ನಡುವೆ ಕೂತು ಬರೆದು, ಆಗದೇ ಹೋದರೆ ಇವಳ ಮನಸ್ಸಿಗೆ ಎಷ್ಟು ನೋವಾದೀತು? ಇದನ್ನೆಲ್ಲ ಹೇಳಲಾರದೆ ಅವನು ತನಗೆ ಗೊತ್ತಿದ್ದ ದಾರಿ ಹಿಡಿದ.

“ಹಂಗಾದ್ರೆ ಇಬ್ಬರೂ ಹಳೇದೇ ಬರೀರಿ. ಒಂದೇ ಪುಸ್ತಕ, ಒಂದೇ ದಿನ, ಒಂದೇ ಆಟೋ.”

ಮಗಳು ಹಣೆ ಚಚ್ಚಿಕೊಂಡಳು. “ಅಪ್ಪಾ, ಪರೀಕ್ಷೆ ಆರಿಸೋದು ಆಟೋ ನೋಡ್ಕೊಂಡಾ?”

ಮಾರನೆಯ ಸಂಜೆ ಅವಳು ಸೀದಾ ಅತ್ತೆಗೆ ಫೋನು ಮಾಡಿದಳು. ಅತ್ತೆ ಎಂದರೆ ಗದ್ದಣ್ಣನ ತಂಗಿ. ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಶಾಲೆ ಮುಗಿಸುವ ಮಕ್ಕಳಿಗೆ ಮುಂದೇನು ಓದಬೇಕು, ಯಾವ ಪರೀಕ್ಷೆ ಕಟ್ಟಬೇಕು ಎಂದು ದಾರಿ ಹೇಳುವ ಹೊಣೆಯೂ ಅವಳದೇ. ಮಾತು ಚುರುಕು, ಅಣ್ಣನನ್ನು ರೇಗಿಸುವುದರಲ್ಲಂತೂ ಎತ್ತಿದ ಕೈ.

ಬಂದವಳೇ ಚಪ್ಪಲಿ ಬಿಡುವ ಮೊದಲೇ ಅತ್ತಿಗೆಯನ್ನು ತಬ್ಬಿಕೊಂಡಳು. “ಅತ್ತಿಗೆ, ಸುದ್ದಿ ಕೇಳಿ ಎಷ್ಟು ಖುಷಿಯಾಯ್ತು ಅಂತೀರಾ! ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?”

“ಕುಣಿಬೇಡ ಕಣೆ, ಸೀಟು ಸಿಕ್ಕೇಬಿಟ್ಟ ಹಾಗೆ” ಅಂದಳು ಅತ್ತಿಗೆ, ನಾಚಿಕೊಂಡು.

ಗದ್ದಣ್ಣ ಕುರ್ಚಿ ಎಳೆದು ಕೂತ. “ನೀನು ಟೀಚರ್ರು. ಒಂದೇ ಮಾತಲ್ಲಿ ಹೇಳು. ಎರಡರಲ್ಲಿ ಯಾವುದು ಸುಲಭ?”

“ಯಾರಿಗೆ?”

“ಯಾರಿಗೆ ಅಂದ್ರೆ? ಎಲ್ಲರಿಗೂ!”

“ಎಲ್ಲರಿಗೂ ಸುಲಭ ಅಂತ ಒಂದಿಲ್ಲ ಅಣ್ಣ. ಕೇಳು. ಹಳೇದರಲ್ಲಿ ಪ್ರಶ್ನೆ ಕಮ್ಮಿ. ಒಂದೊಂದಕ್ಕೂ ಯೋಚನೆ ಮಾಡೋಕೆ ಟೈಮ್ ಸಿಗುತ್ತೆ. ಆದ್ರೆ ಪ್ರಶ್ನೆ ಸುತ್ತಿ ಬಳಸಿ ಕೇಳಿರ್ತಾರೆ. ಹೊಸದರಲ್ಲಿ ಪ್ರಶ್ನೆ ನೇರವಾಗಿರುತ್ತೆ. ಆದ್ರೆ ರಾಶಿ ಇರುತ್ತೆ. ತಡಬಡ ಮಾಡದೆ ಬೇಗ ಬೇಗ ಮುಂದೆ ಹೋಗ್ತಾ ಇರಬೇಕು.”

“ವಿಜ್ಞಾನ ಇರುತ್ತಲ್ಲ ಅತ್ತೆ, ಅದು?” ಮಗಳು ನಡುವೆ ಬಾಯಿ ಹಾಕಿದಳು.

“ಇರುತ್ತೆ ಪುಟ್ಟಿ. ಆದ್ರೆ ನೀನು ಓದಿರೋ ವಿಜ್ಞಾನನ ಅಲ್ಲಿ ಅಷ್ಟಾಗಿ ಕೇಳಲ್ಲ. ಗ್ರಾಫು, ಕೋಷ್ಟಕ ಕೊಟ್ಟಿರ್ತಾರೆ. ಅದರಲ್ಲಿ ಇರೋದನ್ನ ಎಷ್ಟು ಬೇಗ ಓದಿ ಅರ್ಥ ಮಾಡ್ಕೊಳ್ತೀಯ ಅಂತ ನೋಡ್ತಾರೆ.”

ಗದ್ದಣ್ಣನಿಗೆ ಇನ್ನೊಂದು ಉಪಾಯ ಹೊಳೆಯಿತು. “ಹಾಗಾದ್ರೆ ಎರಡನ್ನೂ ಬರೆಸಿಬಿಡೋಣ. ಯಾವುದರಲ್ಲಿ ಜಾಸ್ತಿ ಬರುತ್ತೋ ಅದನ್ನ ಕೊಟ್ಟರಾಯ್ತು.”

“ಎಷ್ಟೋ ಜನ ಹಾಗೇ ಮಾಡ್ತಾರೆ. ಆಮೇಲೆ ಎರಡಕ್ಕೂ ಅರ್ಧಂಬರ್ಧ ಓದಿ, ಎರಡರಲ್ಲೂ ಅರ್ಧಂಬರ್ಧ ಬರೀತಾರೆ. ಒಂದನ್ನ ಆರಿಸ್ಕೊಂಡು ಅದನ್ನೇ ಗಟ್ಟಿ ಮಾಡ್ಕೋಬೇಕು. ಸಾಲದೆ ಬಂದ್ರೆ ಅದನ್ನೇ ಇನ್ನೊಂದು ಸಲ ಬರೀಬಹುದು.”

“ಆರಿಸ್ಕೊಳ್ಳೋದು ಹೇಗೆ ಅಂತಲೇ ಅಲ್ವಾ ಕೇಳ್ತಿರೋದು?”

“ಬರೆದು ನೋಡಿ.” ತಂಗಿ ಚೀಲದಿಂದ ಪ್ರಶ್ನೆಪತ್ರಿಕೆಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಳು. “ಪರೀಕ್ಷೆ ನಡೆಸೋರೇ ಮಾದರಿ ಪತ್ರಿಕೆ ಕೊಡ್ತಾರೆ. ಅವರ ವೆಬ್‌ಸೈಟಲ್ಲೇ ಇರುತ್ತೆ. ಒಂದು ಭಾನುವಾರ ಹಳೇದು, ಮುಂದಿನ ಭಾನುವಾರ ಹೊಸದು. ನಿಜವಾದ ಪರೀಕ್ಷೆ ಥರಾನೇ, ಪೂರ್ತಿ, ಒಂದೇ ಪಟ್ಟಿಗೆ ಕೂತು ಬರೀಬೇಕು. ಫೋನ್ ಹತ್ತಿರ ಇರಬಾರದು. ಗಡಿಯಾರ ಎದುರಿಗೆ ಇರಬೇಕು. ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ಎರಡು ಕಾಲೇಜಿಗೂ ಫೋನ್ ಮಾಡಿ, ನೀವು ಯಾವ ಪರೀಕ್ಷೆ ಒಪ್ಪಿಕೊಳ್ತೀರ ಅಂತ ಕೇಳಿ. ಅದನ್ನ ಯಾರ ಬಾಯಿಂದಾನೋ ಕೇಳಿದ್ದು ಅಂತ ನಂಬಬಾರದು.”

ಫೋನು ಮಾಡುವ ಕೆಲಸ ಗದ್ದಣ್ಣನ ತಲೆಗೆ ಬಂತು. ಮಗಳು ಸೇರಬೇಕೆಂದಿದ್ದ ವಿಜ್ಞಾನ ಕಾಲೇಜಿನವರು ಎರಡೂ ನಡೆಯುತ್ತದೆ ಎಂದರು. ಫಾರ್ಮಸಿ ಕಾಲೇಜಿನವರೂ ಅದನ್ನೇ ಹೇಳಿದರು. “ನಮಗೆ ಎರಡೂ ಒಂದೇ ಸರ್. ಇದು ಮೇಲು ಅದು ಕೀಳು ಅಂತ ಇಲ್ಲ.”

ಗದ್ದಣ್ಣ ಗಂಟಲು ಸರಿಮಾಡಿಕೊಂಡ. “ವಯಸ್ಸಿನ ಲೆಕ್ಕ ಏನಾದರೂ ಉಂಟಾ?”

“ಇಲ್ಲ ಸರ್. ಸಂಜೆ ಕ್ಲಾಸಿಗೆ ಕೆಲಸಕ್ಕೆ ಹೋಗೋರೇ ಜಾಸ್ತಿ. ಅರ್ಜಿ ನಿಮಗಾ?”

“ಅಯ್ಯೋ ನನಗಲ್ಲ. ನಮ್ಮ ಮನೆಯವರಿಗೆ” ಅಂದ. ಹಾಗನ್ನುವಾಗ ಯಾಕೋ ಅವನ ಬೆನ್ನು ನೆಟ್ಟಗಾಯಿತು.

ಭಾನುವಾರ ಬೆಳಿಗ್ಗೆ ಸ್ಟುಡಿಯೋಗೆ ರಜೆ. ಶಟರ್ ಅರ್ಧ ಇಳಿಸಿ, ಲೈಟುಗಳ ಸ್ಟ್ಯಾಂಡುಗಳನ್ನು ಮೂಲೆಗೆ ಸರಿಸಿ, ನೀಲಿ ಪರದೆಯ ಮುಂದೆ ಎರಡು ಮೇಜು ಹಾಕಿದ. ಒಂದರಲ್ಲಿ ಹೆಂಡತಿ, ಒಂದರಲ್ಲಿ ಮಗಳು. ಮೇಲ್ವಿಚಾರಕ ಅವನೇ. ತಂಗಿ ಹೇಳಿದ್ದಂತೆ ಹಳೆಯ ಪರೀಕ್ಷೆಯ ಪತ್ರಿಕೆ ಹಂಚಿ, ಗಡಿಯಾರ ನೋಡಿ, “ಶುರು ಮಾಡಿ” ಎಂದ. ಅಭ್ಯಾಸಬಲದಿಂದ “ಗದ್ದ ಸ್ವಲ್ಪ…” ಎಂದು ಬಾಯಿ ತೆರೆದವನು ಮಗಳ ನೋಟ ಕಂಡು ತುಟಿ ಹೊಲಿದುಕೊಂಡ.

ಮಗಳು ಪತ್ರಿಕೆಯಲ್ಲಿ ಮುಳುಗಿಹೋದಳು. ಒಂದು ಪ್ರಶ್ನೆಯನ್ನು ಓದಿ ಪೆನ್ಸಿಲ್ ಕಚ್ಚಿಕೊಂಡು ಸೂರು ನೋಡುವಳು, ಅಂಚಿನಲ್ಲಿ ತ್ರಿಕೋನ ಬರೆಯುವಳು, ಆಮೇಲೆ ತನ್ನಷ್ಟಕ್ಕೆ ನಕ್ಕು ಉತ್ತರ ಗುರುತು ಹಾಕುವಳು. ಪರೀಕ್ಷೆ ಬರೆಯುತ್ತಾ ನಗುವವರೂ ಇರುತ್ತಾರೆ ಎಂದು ಗದ್ದಣ್ಣನಿಗೆ ಅಂದೇ ಗೊತ್ತಾದದ್ದು.

ಹೆಂಡತಿಯ ಕತೆ ಬೇರೆ. ಮೊದಮೊದಲು ಸಲೀಸಾಗಿ ಬರೆದಳು. ಸಮಯ ಉಳಿಯಿತು. ಉಳಿದ ಸಮಯವೇ ಅವಳಿಗೆ ಶತ್ರುವಾಯಿತು. ಹಿಂದೆ ತಿರುಗಿ ಬರೆದದ್ದನ್ನೆಲ್ಲ ನೋಡಿದಳು. ಇದು ಇಷ್ಟು ಸುಲಭ ಇರಲಾರದು ಅನ್ನಿಸಿತು. ಅಳಿಸಿದಳು, ಬೇರೆ ಹಾಕಿದಳು, ಮತ್ತೆ ಅಳಿಸಿದಳು. ರಬ್ಬರಿನ ಚೂರು ಮೇಜಿನ ತುಂಬಾ ಚೆಲ್ಲಿತ್ತು. ಮುಗಿಸಿ ಎದ್ದಾಗ ಅವಳ ಮುಖ ಬಾಡಿತ್ತು.

“ನನ್ನ ಕೈಲಾಗಲ್ಲ ರೀ. ಎಲ್ಲಾ ಮರೆತುಹೋಗಿದೆ. ಸುಮ್ನೆ ನಿಮಗೂ ತೊಂದರೆ” ಅಂದಳು.

ಗದ್ದಣ್ಣ ತಾನು ಅಂದುಕೊಂಡದ್ದೇ ಆಯಿತೆಂದು ಮನಸ್ಸಿನಲ್ಲೇ ನೊಂದುಕೊಂಡ. “ಇನ್ನೊಂದು ಇದೆಯಲ್ಲ. ಅದನ್ನೂ ನೋಡಿಬಿಡೋಣ” ಎಂದನೇ ಹೊರತು, ಅವನಿಗೇನೂ ಭರವಸೆ ಇರಲಿಲ್ಲ. ಹಳೇದರಲ್ಲೇ ಹೀಗಾದಮೇಲೆ ಹೊಸದರ ಮಾತೇನು?

ಮುಂದಿನ ಭಾನುವಾರ ಹೊಸ ಪರೀಕ್ಷೆಯ ಪತ್ರಿಕೆ. ಮತ್ತೆ ಅದೇ ಮೇಜು, ಅದೇ ನೀಲಿ ಪರದೆ.

ಮಗಳು ಹುರುಪಿನಿಂದ ಶುರು ಮಾಡಿದಳು. ಅರ್ಧ ದಾರಿಯಲ್ಲಿ ಒಂದು ಗ್ರಾಫು ಸಿಕ್ಕಿತು. ಮಂಜುಗಡ್ಡೆಯನ್ನು ಕಾಯಿಸಿದರೆ ಉಷ್ಣತೆ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಗೆರೆ. ನಡುವೆ ಒಂದು ಕಡೆ ಗೆರೆ ಸೊಟ್ಟಗಾಗಿತ್ತು. ಕೇಳಿದ್ದ ಪ್ರಶ್ನೆಗೆ ಆ ಸೊಟ್ಟು ಬೇಕೇ ಇರಲಿಲ್ಲ. ಆದರೆ ಮಗಳು ಅಲ್ಲೇ ನಿಂತುಬಿಟ್ಟಳು. ಇದು ಯಾಕೆ ಹೀಗಾಯಿತು? ನೀರಲ್ಲಿ ಉಪ್ಪಿತ್ತೇ? ಪಾತ್ರೆ ಅಲುಗಾಡಿತೇ? ಅವಳು ಪೆನ್ಸಿಲ್ ಕಚ್ಚಿಕೊಂಡು ಸೂರು ನೋಡತೊಡಗಿದಳು. ಗಡಿಯಾರ ಅವಳಿಗಾಗಿ ಕಾಯಲಿಲ್ಲ.

ಗದ್ದಣ್ಣ ಹೆಂಡತಿಯ ಕಡೆ ತಿರುಗಿದ. ತಿರುಗಿದವನು ನೋಡುತ್ತಲೇ ಉಳಿದ.

ಅವಳ ಬೆರಳು ಕೋಷ್ಟಕದ ಮೇಲಿಂದ ಕೆಳಕ್ಕೆ ಸರಸರನೆ ಇಳಿಯುತ್ತಿತ್ತು, ಬೇಕಾದಲ್ಲಿ ಟಕ್ಕನೆ ನಿಲ್ಲುತ್ತಿತ್ತು. ಗುರುತು ಹಾಕಿ ಮುಂದಿನದಕ್ಕೆ ಹೋಗುತ್ತಿದ್ದಳು. ಹಾಳೆ ತಿರುಗಿಸುವುದೂ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಕೌಂಟರಿಗೆ ಜನ ಮುಗಿಬಿದ್ದಾಗ, ಹತ್ತಾರು ಚೀಟಿಗಳು ಒಟ್ಟಿಗೆ ಮುಂದೆ ಬಂದಾಗ, ಒಂದರ ಔಷಧಿ ಇನ್ನೊಬ್ಬರಿಗೆ ಹೋಗದ ಹಾಗೆ ನಡೆಸಿಕೊಂಡು ಹೋಗುವ ಕೈ ಅದು. ಅನುಮಾನಪಡಲು ಅಲ್ಲಿ ಪುರಸೊತ್ತಿರಲಿಲ್ಲ. ಅವಳ ಹುಬ್ಬು ಗಂಟಿಕ್ಕಿರಲಿಲ್ಲ. ಕಣ್ಣಿನಲ್ಲಿ ಒಂದು ಬೆಳಕು ಇತ್ತು.

ದಿನವೂ ನೂರು ಮುಖಗಳನ್ನು ಲೆನ್ಸಿನೊಳಗಿಂದ ನೋಡುವ ಗದ್ದಣ್ಣ, ಹೆಂಡತಿಯ ಈ ಮುಖವನ್ನು ಈ ತನಕ ನೋಡಿಯೇ ಇರಲಿಲ್ಲ. ಅವನು ನೋಡುತ್ತಿದ್ದದ್ದು ಕೆಲಸ ಮುಗಿಸಿ ಸುಸ್ತಾಗಿ ಮನೆಗೆ ಬರುವ ಮುಖ. ಕೆಲಸದ ನಡುವಿನ ಮುಖ ಇದು. ಎಷ್ಟು ಚೆನ್ನಾಗಿದೆ ಅನ್ನಿಸಿತು. ಒಂದು ಫೋಟೋ ತೆಗೆಯಲೇ ಅಂದುಕೊಂಡ. ಪರೀಕ್ಷಾ ಕೊಠಡಿಯಲ್ಲಿ ಕ್ಯಾಮೆರಾ ಇಲ್ಲ ಎಂದು ತಾನೇ ಮಾಡಿದ ನಿಯಮ ನೆನಪಾಗಿ ಸುಮ್ಮನಾದ.

ಹೊತ್ತು ಮುಗಿದಾಗ ಹೆಂಡತಿ ಒಂದು ಪ್ರಶ್ನೆಯನ್ನೂ ಬಿಟ್ಟಿರಲಿಲ್ಲ. ಮಗಳ ಕೊನೆಯ ಹಾಳೆ ಖಾಲಿ ಇತ್ತು. ಅವಳು ಪೆನ್ಸಿಲ್ ಎಸೆದು ಮುಖ ಮುಚ್ಚಿಕೊಂಡಳು. “ಇದು ಲೆಕ್ಕಕ್ಕಿಲ್ಲ. ನಾನು ಇನ್ನೊಂದು ಸಲ ಬರೀತೀನಿ.”

“ಬರಿ. ಒಂದು ಸಲ ನೋಡಿ ತೀರ್ಮಾನ ಮಾಡೋದು ಬೇಡ” ಅಂದಳು ಅತ್ತೆ, ಸುದ್ದಿ ತಿಳಿದು, ಫೋನಿನಲ್ಲಿ. ಇನ್ನೊಂದು ಹೊಸ ಪತ್ರಿಕೆ ಕಳಿಸಿದಳು. ವಾರದ ನಡುವೆ ಮಗಳು ಅದನ್ನೂ ಬರೆದಳು. ಆ ಸಲವೂ ಕೊನೆಯ ಹಾಳೆ ಖಾಲಿಯೇ ಉಳಿಯಿತು.

ಅತ್ತೆ ಎಲ್ಲವನ್ನೂ ತಿದ್ದಿಕೊಂಡು ಬಂದಳು. ಗದ್ದಣ್ಣ ಕೈಚಾಚಿ ಕಿತ್ತುಕೊಂಡು ನೋಡಿದ. ಹಳೆಯ ಪರೀಕ್ಷೆಯ ಅಂಕಗಳು ಸಾವಿರದ ಲೆಕ್ಕದಲ್ಲಿದ್ದವು. ಹೊಸದರದ್ದು ಎರಡೇ ಅಂಕಿ.

“ಇದೇನು? ಹೊಸದರಲ್ಲಿ ಇಬ್ಬರೂ ಪೂರ್ತಿ ತೋಪಾ?”

ತಂಗಿ ನಕ್ಕಳು. “ಅಡಿಯಲ್ಲಿ ಅಳೆದದ್ದನ್ನೂ ಮೀಟರಲ್ಲಿ ಅಳೆದದ್ದನ್ನೂ ಹಾಗೇ ಪಕ್ಕಪಕ್ಕ ಇಟ್ಟು ನೋಡ್ತಾರಾ ಅಣ್ಣ? ಎರಡರ ಅಳತೆ ಬೇರೆ. ಇಲ್ಲಿ ಇಷ್ಟು ಬಂದ್ರೆ ಅಲ್ಲಿ ಎಷ್ಟಕ್ಕೆ ಸಮ ಅಂತ ತೋರಿಸೋ ಪಟ್ಟಿನ ಪರೀಕ್ಷೆ ನಡೆಸೋರೇ ಕೊಟ್ಟಿರ್ತಾರೆ. ಅದರಲ್ಲಿ ಹಾಕಿ ನೋಡಿದೀನಿ.” ಅವಳು ಅತ್ತಿಗೆಯ ಹಳೆಯ ಪತ್ರಿಕೆ ಬಿಡಿಸಿ ಬೆಳಕಿಗೆ ಹಿಡಿದಳು. “ಅತ್ತಿಗೆ, ಇಲ್ಲಿ ನೋಡಿ. ಅಳಿಸಿದ ಗುರುತು ಕಾಣುತ್ತಲ್ಲ? ನೀವು ಮೊದಲು ಹಾಕಿದ್ದೇ ಬಹುತೇಕ ಸರಿ. ಟೈಮ್ ಇದೆ ಅಂತ ಕೂತು ಸರಿ ಇದ್ದದ್ದನ್ನ ತಪ್ಪು ಮಾಡಿದೀರ. ಹೊಸದರಲ್ಲಿ ಅಳಿಸೋಕೆ ಟೈಮೇ ಸಿಕ್ಕಿಲ್ಲ. ಎಷ್ಟು ಚೆನ್ನಾಗಿ ಬರೆದಿದೀರ ಗೊತ್ತಾ? ಅದರಲ್ಲೂ ಆ ವಿಜ್ಞಾನದ ಭಾಗ!”

“ನಾನಾ? ವಿಜ್ಞಾನನಾ?” ಅವಳು ನಂಬದೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಮಗಳು ಮೂಲೆಯಲ್ಲಿ ಉಗುರು ಕಚ್ಚುತ್ತಾ ನಿಂತಿದ್ದಳು. “ಅಂದ್ರೆ ನಾನು ದಡ್ಡಿನಾ ಅತ್ತೆ? ಅಮ್ಮನಿಗಿಂತ ಕಮ್ಮಿ ಬಂತು. ಅದೂ ಸೈನ್ಸಲ್ಲಿ.”

“ದಡ್ಡಿಯಂತೆ ದಡ್ಡಿ! ಹಳೇದರಲ್ಲಿ ನೀನು ಬಿಡಿಸಿರೋ ಲೆಕ್ಕ ನೋಡಿ ನಾನೇ ಎರಡು ಸಲ ಓದಿದೆ. ಒಂದರ ಉತ್ತರಕ್ಕೆ ಕೊಟ್ಟಿರೋ ದಾರಿಗಿಂತ ಹತ್ತಿರದ ದಾರಿ ಹುಡುಕಿದೀಯ. ನೀನು ನಿಂತು ಯೋಚನೆ ಮಾಡೋಳು ಪುಟ್ಟಿ. ಮುಂದೆ ಭೌತಶಾಸ್ತ್ರ ಓದೋಕೆ ಅದೇ ಬೇಕು. ನಿಂತು ಯೋಚನೆ ಮಾಡೋಕೆ ಬಿಡೋ ಪರೀಕ್ಷೆ ಆರಿಸ್ಕೋ, ಅಷ್ಟೇ.”

“ಆದ್ರೆ ನನ್ನ ಫ್ರೆಂಡು…”

ಈಗ ಅಮ್ಮ ಮಾತಾಡಿದಳು. “ನಿನ್ನ ಫ್ರೆಂಡು ನಿನ್ನ ಜೊತೆ ಬಸ್ಸಲ್ಲಿ ಬರ್ತಾಳೆ, ಗೇಟಿನ ತನಕ ಬರ್ತಾಳೆ. ಒಳಗೆ ಹೋದಮೇಲೆ ಅವಳ ಮೇಜು ಅವಳದು, ನಿನ್ನದು ನಿನ್ನದು. ಅಲ್ಲ, ಅವಳಾದರೂ ಎರಡನ್ನೂ ಬರೆದು ನೋಡಿದಾಳಾ?”

ಕೇಳಿದರೆ ಅವಳೂ ನೋಡಿರಲಿಲ್ಲ. ಮುಂದಿನ ಭಾನುವಾರ ನೀಲಿ ಪರದೆಯ ಮುಂದೆ ಆ ಹುಡುಗಿಗೂ ಒಂದು ಮೇಜು ಬಿತ್ತು. ಅವಳಿಗೆ ಹೊಸದೇ ಸರಿಹೊಂದಿತು. ಆದರೆ ಈಗ ಅದು ಯಾಕೆ ಸರಿ ಎಂದು ಅವಳಿಗೆ ಗೊತ್ತಿತ್ತು.

ಹೀಗೆ ಒಂದೇ ಮನೆಯಿಂದ ಎರಡು ಪರೀಕ್ಷೆಗೆ ಅರ್ಜಿ ಹೋಯಿತು. ಎರಡು ಪುಸ್ತಕ, ಎರಡು ದಿನ, ಎರಡು ಆಟೋ. ಹೆಂಡತಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಓದಲು ಕೂತರೆ ಅಡುಗೆಮನೆಗೆ ಗದ್ದಣ್ಣನೇ ಇಳಿದ. ಅನ್ನ ಒಂದು ದಿನ ಮುದ್ದೆಯಾಯಿತು, ಒಂದು ದಿನ ಕಾಳಾಗಿಯೇ ಉಳಿಯಿತು. ಅಮ್ಮ ಮಗಳು ನಕ್ಕುಕೊಂಡು ಉಂಡರು. ಗಣಿತದಲ್ಲಿ ಅಮ್ಮ ತಡವರಿಸಿದಲ್ಲಿ ಮಗಳು ಕೂತು ಹೇಳಿಕೊಟ್ಟಳು. ಮಗಳು ಒಂದೇ ಪ್ರಶ್ನೆಗೆ ಅಂಟಿಕೊಂಡು ಕೂತಾಗ ಅಮ್ಮ ಮೇಜು ತಟ್ಟಿ, “ಮುಂದಿನ ಗಿರಾಕಿ ಕಾಯ್ತಿದಾರೆ, ನಡಿ” ಎಂದು ಎಬ್ಬಿಸಿದಳು.

ಮಗಳ ಪರೀಕ್ಷೆ ಮೊದಲು ಬಂತು. ನಗುತ್ತಲೇ ಬರೆದು ಬಂದಳು.

ಅಮ್ಮನ ಪರೀಕ್ಷೆಯ ದಿನ ಗದ್ದಣ್ಣ ಜೊತೆಗೆ ಹೋದ. ಕೇಂದ್ರದ ಗೇಟಿನಲ್ಲಿ ಮಕ್ಕಳ ಜಾತ್ರೆಯೇ ಸೇರಿತ್ತು. ಅವಳು ಒಳಗೆ ಹೆಜ್ಜೆ ಇಡಬೇಕು ಅನ್ನುವಷ್ಟರಲ್ಲಿ ಗೇಟಿನವನು ಕೈ ಅಡ್ಡ ಹಿಡಿದ.

“ಪೋಷಕರೆಲ್ಲ ಆಚೆ ನಿಲ್ಲಬೇಕಮ್ಮ. ಮಗುನ ಒಳಗೆ ಕಳಿಸಿ.”

ಅವಳು ಒಂದು ಕ್ಷಣ ತಡವರಿಸಿದಳು. ಸುತ್ತ ನಿಂತ ಮಕ್ಕಳು ತಿರುಗಿ ನೋಡಿದರು. ಗದ್ದಣ್ಣ ಒಂದು ಹೆಜ್ಜೆ ಮುಂದಿಟ್ಟ. ಇವಳು ಈಗ ವಾಪಸು ತಿರುಗಿಬಿಟ್ಟರೆ? ಅವನು ಬಾಯಿ ತೆರೆಯುವ ಮೊದಲೇ ಅವಳು ಪ್ರವೇಶಪತ್ರ ತೆಗೆದು ಮುಂದೆ ಹಿಡಿದಳು.

“ಬರೆಯೋಳು ನಾನೇ ಅಪ್ಪಾ. ಪೋಷಕರು ಇವರು. ಇವರನ್ನ ಬೇಕಾದ್ರೆ ಆಚೆ ನಿಲ್ಲಿಸಿ.”

ಗೇಟಿನವನು ನಕ್ಕು ಕೈ ತೆಗೆದ. ಮಕ್ಕಳೂ ನಕ್ಕರು. ಒಬ್ಬ ಹುಡುಗಿ, “ಬನ್ನಿ ಆಂಟಿ, ನನ್ನ ರೂಮೂ ಅದೇ” ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಗದ್ದಣ್ಣ ಪೋಷಕರ ಸಾಲಿನಲ್ಲಿ ಹೋಗಿ ನಿಂತ. ಪಕ್ಕದಲ್ಲಿದ್ದವರು, “ಮಗನಾ, ಮಗಳಾ?” ಎಂದು ಕೇಳಿದರು. “ಹೆಂಡತಿ” ಎಂದ. ಅವರು ಬಾಯಿ ಬಿಟ್ಟುಕೊಂಡು ನೋಡಿದರು. ಅಷ್ಟು ಹೆಮ್ಮೆಯಿಂದ ಅವನು ಈಚೆಗೆ ಯಾವ ಮಾತನ್ನೂ ಆಡಿರಲಿಲ್ಲ.

ಫಲಿತಾಂಶ ಬಂತು. ಮಗಳಿಗೆ ಬೇಕಾದ ಕಾಲೇಜೇ ಸಿಕ್ಕಿತು. ಅಮ್ಮನಿಗೆ ಸ್ವಲ್ಪದರಲ್ಲಿ ತಪ್ಪಿತು. ಗಣಿತದ ಭಾಗ ಹಿಂದಕ್ಕೆ ಎಳೆದಿತ್ತು.

ಆ ಸಂಜೆ ಅವಳು ಪುಸ್ತಕಗಳನ್ನೆಲ್ಲ ಜೋಡಿಸಿ ಕಪಾಟಿನ ಮೇಲಿನ ಅರೆಗೆ ಎತ್ತಿಡಲು ಹೊರಟಳು. ಗದ್ದಣ್ಣ ಅಡ್ಡ ನಿಂತ.

“ಎಲ್ಲಿಗೆ ತಗೊಂಡು ಹೋಗ್ತಿದೀಯ ಅದನ್ನ?”

“ಸಾಕು ರೀ. ಆಸೆ ತೀರಿತು.”

“ಸುಳ್ಳು ಹೇಳಬೇಡ. ತೀರಿದ್ರೆ ನಿನ್ನ ಮುಖ ಹೀಗಿರ್ತಿತ್ತಾ? ಅದೇ ಪರೀಕ್ಷೆನ ಇನ್ನೊಂದು ಸಲ ಬರೀಬಹುದು ಅಂತ ನನ್ನ ತಂಗಿ ಹೇಳಿದ್ದು ನನಗೂ ಕೇಳಿಸಿದೆ.”

“ಜನ ಏನಂದಾರು? ಈ ವಯಸ್ಸಲ್ಲಿ ಫೇಲಾಗಿ ಮತ್ತೆ ಬರೀತಾಳೆ ಅಂತ…”

“ನಮ್ಮ ಮನೆ ಬೀಗದಕೈ ಜನರ ಹತ್ರ ಇದೆಯಾ?” ಅಂದ ಗದ್ದಣ್ಣ. ಪುಸ್ತಕಗಳನ್ನು ಅವಳ ಕೈಯಿಂದ ತೆಗೆದು ಮತ್ತೆ ಮೇಜಿನ ಮೇಲೆ ಇಟ್ಟ. “ದಾರಿ ಸರಿಯಾಗೇ ಹಿಡಿದಿದೀಯ. ಇನ್ನು ಸ್ವಲ್ಪ ನಡೀಬೇಕು. ಗಣಿತಕ್ಕೆ ಮನೇಲಿ ಇಬ್ಬರು ಟೀಚರ್ರಿದಾರೆ. ಅನ್ನಕ್ಕೆ ನಾನಿದೀನಿ.”

“ಅದೇ ನನಗೆ ಭಯ” ಅಂದಳು ಅವಳು. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ಅವಳು ಮತ್ತೆ ಬರೆದಳು. ಎರಡನೆಯ ಫಲಿತಾಂಶ ಬಂದದ್ದು ಒಂದು ಮಧ್ಯಾಹ್ನ, ಅವಳು ಕೌಂಟರಿನಲ್ಲಿ ಇದ್ದಾಗ. ಮಗಳು ಕಂಪ್ಯೂಟರಿನಲ್ಲಿ ನೋಡಿ ಕಿರುಚಿದ್ದೇ ತಡ, ಗದ್ದಣ್ಣ ಸ್ಟುಡಿಯೋದಲ್ಲಿ ಕೂತಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಓಡಿದ. ಮೆಡಿಕಲ್ ಶಾಪಿನ ಮುಂದೆ ಜನ ಕಿಕ್ಕಿರಿದಿದ್ದರು. ನುಗ್ಗಲು ಹೋದರೆ, “ಸಾಲಲ್ಲಿ ಬನ್ನಿ” ಎಂದು ನಾಲ್ಕು ಜನ ಗದರಿದರು. ಸಾಲಿನಲ್ಲೇ ನಿಂತ. ನಿಂತು ಹೆಂಡತಿಯ ಕೈ ಓಡುವುದನ್ನು ನೋಡಿದ. ಅವಳು ತಲೆ ಎತ್ತದೆಯೇ, “ಚೀಟಿ ಕೊಡಿ” ಎಂದು ಕೈ ಚಾಚಿದಾಗ ಅವನ ಸರದಿ ಬಂದಿತ್ತು.

“ಚೀಟಿ ಇಲ್ಲ. ಸೀಟು ಇದೆ” ಅಂದ ಗದ್ದಣ್ಣ.

ಅವಳು ತಲೆ ಎತ್ತಿದಳು. ಅವನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲಾ ತಿಳಿಯಿತು. “ಒಂದು ನಿಮಿಷ ರೀ” ಅಂದಳು. ಹಿಂದೆ ನಿಂತಿದ್ದ ಅಜ್ಜನ ಚೀಟಿ ತೆಗೆದುಕೊಂಡಳು. ಔಷಧಿ ತೆಗೆದು, ಎರಡು ಸಲ ನೋಡಿ, ಕವರಿಗೆ ಹಾಕಿ, ಅಜ್ಜನ ಕೈಗೆ ಕೊಟ್ಟಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ಪುಸ್ತಕ ಬಗಲಿಗಿಟ್ಟು ಇದನ್ನು ಓದುತ್ತಿರುವ ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಮಾತು ನಡೆಯುತ್ತಿರಬಹುದು. ಎರಡು ಪರೀಕ್ಷೆ ಎದುರಿಗಿದ್ದಾಗ ಯಾವುದು ದೊಡ್ಡದು ಎಂದು ಊರನ್ನು ಕೇಳಬೇಡಿ. ನೀವು ಸೇರಬೇಕಾದ ಕಾಲೇಜು ಯಾವುದನ್ನು ಒಪ್ಪುತ್ತದೆ ಎಂದು ಆ ಕಾಲೇಜನ್ನೇ ಕೇಳಿ. ಎರಡೂ ಆಗುತ್ತದೆ ಎಂದರೆ ಎರಡರ ಮಾದರಿ ಪತ್ರಿಕೆಯನ್ನೂ ತರಿಸಿಕೊಂಡು, ಗಡಿಯಾರ ಎದುರಿಗಿಟ್ಟು, ಪೂರ್ತಿ ಬರೆದು ನೋಡಿ. ಅಂಕಗಳನ್ನು ಸರಿಯಾದ ಪಟ್ಟಿಯಿಟ್ಟು ಹೋಲಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೋ ಇಲ್ಲವೋ, ಅರ್ಜಿಗೆ ಕೊನೆಯ ದಿನ ಯಾವುದು, ಇವನ್ನೆಲ್ಲ ಪರೀಕ್ಷೆ ನಡೆಸುವವರಿಂದಲೇ ತಿಳಿದುಕೊಳ್ಳಿ. ಆಮೇಲೆ ಒಂದನ್ನು ಆರಿಸಿ, ಅದರ ಹಿಂದೆ ಬೀಳಿ. ಒಂದು ಸಲಕ್ಕೆ ಆಗದಿದ್ದರೆ ಪುಸ್ತಕವನ್ನು ಮೇಲಿನ ಅರೆಗೆ ಏರಿಸಬೇಡಿ.

ಮತ್ತೆ, ಮನೆಯಲ್ಲಿ ಊಟದ ಹೊತ್ತಿಗೆ ಯಾರಾದರೂ ನೀರಿನ ಲೋಟ ಕೆಳಗಿಟ್ಟು “ನಾನೂ ಬರೀಬೇಕು ಅಂತಿದೀನಿ” ಎಂದರೆ, ದಯವಿಟ್ಟು ನಗಬೇಡಿ. ಎದ್ದು ಹೋಗಿ ಇನ್ನೊಂದು ಮೇಜು ಹಾಕಿ.